ಕಟ್ಟೆಯ ಮೇಲೆ ಖಾಲಿ ಕುಂತವರ ಘನಕಾರ್ಯ: ಲಕ್ಕಲಕಟ್ಟಿಯನ್ನು ಕುರಿತ ಸಂಶೋಧನಾ ಪ್ರಬಂಧ

ವಿಷಯ ಪ್ರವೇಶ: ಎಲ್ಲ ಊರುಗಳಲ್ಲಿರುವಂತೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಲ್ಲೂ ಉಂಡು ಕಟ್ಟೆ ಏರುವ ವಿದ್ವತ್ ಸಮುದಾಯವೊಂದುಂಟು. ಇದರ ಮೇಲೆ ಮನೆಮಂದಿ ತಲೆಮಾರುಗಳಿಂದ ಹೊರಿಸುತ್ತ ಬಂದಿರುವ ‘ಖಾಲಿ ಕುಂತಾನ’ ಎಂಬ ಆರೋಪವನ್ನು ಜೀವರಸಾಯನಶಾಸ್ತ್ರದ ನೆಲೆಯಲ್ಲಿ ಖಂಡಿಸುವುದೇ ಈ ಪ್ರಬಂಧದ ಉದ್ದೇಶ.

ಪೂರ್ವಪಕ್ಷ: ಎರಿ ಹೊಲದಲ್ಲಿ ಹರಗುವ ಎತ್ತು ದಣಿಯುತ್ತದೆ, ಕಟ್ಟೆಯವನು ದಣಿಯುವುದಿಲ್ಲ. ಆದಕಾರಣ ಅವನಿಗೆ ಮೂರನೆಯ ರೊಟ್ಟಿ ಸಲ್ಲದು. ಇದು ಅಡುಗೆಮನೆಯ ಆಚಾರ್ಯರ ವಾದ. ರೊಟ್ಟಿ ಬಡಿಯುವ ಸಪ್ಪಳದ ನಡುವೆ ಮಂಡಿತವಾಗುವ ಈ ವಾದಕ್ಕೆ ಲಿಖಿತ ಉತ್ತರ ಕೊಟ್ಟವರಿಲ್ಲ. ಮೌಖಿಕ ಉತ್ತರ ಕೊಟ್ಟವರು ಆ ದಿನ ಉಂಡ ದಾಖಲೆಯಿಲ್ಲ.

ಸಿದ್ಧಾಂತ: ಹಿಂಗಾರಿ ಬಿಳಿಜೋಳವು ಬಿಸಿಲಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಮೊದಲು ನಾಲ್ಕು ಇಂಗಾಲದ ಆಮ್ಲವಾಗಿಸಿ, ಕಡೆಗೆ ಕಾಳಿನಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ರೊಟ್ಟಿ ಹೊಟ್ಟೆಗಿಳಿದ ಮೇಲೆ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ. ಅದರ ಚೂರುಗಳು ಜೀವಕೋಶದ ಮೈಟೋಕಾಂಡ್ರಿಯ ಹೊಕ್ಕು, 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಕಂಡುಹಿಡಿದ ಚಕ್ರಕ್ಕೆ ಬೀಳುತ್ತವೆ. ಅಲ್ಲಿ ಕಳಚಿದ ಎಲೆಕ್ಟ್ರಾನ್‌ಗಳು ಆಮ್ಲಜನಕದತ್ತ ಸಾಗುವಾಗ ಪ್ರೋಟಾನ್‌ಗಳನ್ನು ಪೊರೆಯಾಚೆ ತಳ್ಳಲಾಗುತ್ತದೆ. ಅವು ಮರಳಿ ನುಗ್ಗುವ ರಭಸಕ್ಕೆ ಎಟಿಪಿ ಸಿಂಥೇಸ್ ಎಂಬ ಕಿಣ್ವ ಗರಗರ ತಿರುಗಿ, ಸುತ್ತಿಗೆ ಮೂರರಂತೆ, ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣುಗಳನ್ನು ಕಟ್ಟುತ್ತದೆ.

ಪ್ರೋಟಾನ್‌ಗಳ ಈ ಮಾತನ್ನು 1961ರಲ್ಲಿ ಪೀಟರ್ ಮಿಚೆಲ್ ಆಡಿದಾಗ ಬಹಳ ಪಂಡಿತರು ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂದ ಮೇಲೆ ನಂಬದೆ ಗತ್ಯಂತರವಿರಲಿಲ್ಲ. ಕಿಣ್ವದ ಕೆಲಸದ ಗುಟ್ಟು ಬಿಡಿಸಿದ ಪಾಲ್ ಬಾಯರ್, ಜಾನ್ ವಾಕರ್ ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ. ಲಕ್ಕಲಕಟ್ಟಿಯು ಧಾರವಾಡ ಜಿಲ್ಲೆ ಬಿಟ್ಟು ಹೊಸ ಗದಗ ಜಿಲ್ಲೆ ಸೇರಿದ್ದೂ ಅದೇ ವರ್ಷ. ಇವೆರಡಕ್ಕೆ ಸಂಬಂಧವಿಲ್ಲವೆಂದು ಯಾರೂ ಇನ್ನೂ ಸಾಧಿಸಿ ತೋರಿಸಿಲ್ಲ.

ಪ್ರಮಾಣ: ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳು ಗಾಳಿ ಬಿದ್ದರೆ ನಿಲ್ಲುತ್ತವೆ. ಕಟ್ಟೆಯವನ ಒಳಗಿನ ಯಂತ್ರಗಳು ಅವನು ಗೊರಕೆ ಹೊಡೆಯುವಾಗಲೂ ಸೆಕೆಂಡಿಗೆ ನೂರರ ಆಸುಪಾಸು ಸುತ್ತು ಹಾಕುತ್ತವೆ. ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಸುಮಾರು 100 ಗ್ರಾಂ; ಸುಮ್ಮನೆ ಬಿದ್ದುಕೊಂಡವನೂ ದಿನಕ್ಕೆ ಬಳಸುವುದು ಸುಮಾರು 40 ಕಿಲೋ. ಅಂದರೆ ಒಂದೊಂದು ಅಣುವೂ ದಿನಕ್ಕೆ ನೂರಾರು ಸಲ ಒಡೆದು ಮತ್ತೆ ಕಟ್ಟಿಕೊಳ್ಳಬೇಕು. ಮೈತೂಕದ ಶೇ 2ರಷ್ಟಿರುವ ಮಿದುಳೇ ವಿಶ್ರಾಂತಿಯಲ್ಲೂ ಶೇ 20ರಷ್ಟು ಶಕ್ತಿ ನುಂಗುತ್ತದೆ. ಗಹನವಾಗಿ ಯೋಚಿಸಿದರೂ ಯೋಚಿಸದಿದ್ದರೂ ಈ ಖರ್ಚು ಹೆಚ್ಚೇನೂ ಬದಲಾಗದು. ಕಟ್ಟೆಯ ಚರ್ಚೆಗಳಿಗೆ ಇದು ಬಹಳ ಅನುಕೂಲಕರ ಸಂಗತಿ.

ಆಕ್ಷೇಪ, ಸಮಾಧಾನ: ‘ಖರ್ಚಾಗದೆ ಉಳಿದದ್ದು ಎಲ್ಲಿ ಹೋಗುತ್ತದೆ?’ ಕೊಬ್ಬಾಗಿ ಶೇಖರಣೆಯಾಗುತ್ತದೆ. ಹಿರಿಯರು ಜೋಳವನ್ನು ಹಗೇವಿನಲ್ಲಿ ಕಾಪಿಟ್ಟರು. ನಮ್ಮ ಸಮುದಾಯ ಅದನ್ನೇ ನಡುವಿನ ಸುತ್ತ ಕಾಪಿಟ್ಟಿದೆ.

ತೀರ್ಪು: ಉಸಿರಿರುವವರೆಗೆ ಯಾರೂ ಖಾಲಿ ಕೂರಲಾರರು, ಆರೋಪ ವಜಾ. ಆದರೆ ರೊಟ್ಟಿ ಬಡಿಯುವವರಿಗೂ ಆ ಮೂಲ ಖರ್ಚು ತಪ್ಪಿದ್ದಲ್ಲ. ಮೇಲೆ ನೀರು ಹೊತ್ತದ್ದು, ಹಿಟ್ಟು ನಾದಿದ್ದು, ಒಲೆಯ ಮುಂದೆ ಬೆಂದದ್ದು ಬೇರೆ. ಆದ್ದರಿಂದ ಮೂರನೆಯ ರೊಟ್ಟಿ ಶಾಸ್ತ್ರೋಕ್ತವಾಗಿ ಅವರಿಗೇ ಸಲ್ಲತಕ್ಕದ್ದು. ಕಟ್ಟೆಯವರು ಎರಡರಲ್ಲೇ ತೃಪ್ತರಾಗಲಿ.