ಮಾಡ್ಯೂಲ್ ಮೂರ್ತಿ

ನನ್ನ ಷಡ್ಡಕ ಮೂರ್ತಿ ಏನು ಕೆಲಸ ಮಾಡುತ್ತಾನೆಂಬುದು ನಮ್ಮ ಅತ್ತೆಯವರಿಗೆ ಹೆಣ್ಣು ಕೊಟ್ಟು ಹದಿನೆಂಟು ವರ್ಷವಾದರೂ ಗೊತ್ತಾಗಿರಲಿಲ್ಲ. "ಕಂಪ್ಯೂಟರಿನಲ್ಲಿ ಪಾಠ" ಎಂದರೆ "ಮೇಷ್ಟರೋ?" ಎನ್ನುವರು. "ಮೇಷ್ಟರಲ್ಲ, ಪಾಠ ತಯಾರು ಮಾಡೋದು" ಎಂದರೆ "ಹಾಗಾದ್ರೆ ಪಾಠ ಮಾಡೋರ್ಯಾರು?" "ಯಾರೂ ಮಾಡಲ್ಲ ಅತ್ತೆ, ಕಂಪ್ಯೂಟರೇ ಮಾಡತ್ತೆ." "ಮತ್ತೆ ಕೇಳೋರ್ಯಾರು?" ಎಂದರು ಒಮ್ಮೆ. ನಾನು ಬ್ಯಾಂಕಿನವನು, ಆ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಹಬ್ಬದ ದಿನ ಬೇಡವೆಂದು ಸುಮ್ಮನಾದೆ.

ಅವನ ಕಾರ್ಡಿನ ಮೇಲೆ 'ಇನ್‌ಸ್ಟ್ರಕ್ಷನಲ್ ಡಿಸೈನರ್' ಎಂದಿದೆ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅದನ್ನು ಇಂಟೀರಿಯರ್ ಡಿಸೈನರ್ ಎಂದು ಓದಿಕೊಂಡು ವಾರ್ಡ್‌ರೋಬಿಗೆ ಎಷ್ಟಾಗುತ್ತದೆ ಎಂದು ಕೇಳಿದ್ದರು. ನಿಜದಲ್ಲಿ ಮೂರ್ತಿ ಜಯನಗರದ ತನ್ನ ಕೋಣೆಯಲ್ಲಿ ಕೂತು, ಹಿಮದಲ್ಲಿ ಲಾರಿಯ ಚಕ್ರಕ್ಕೆ ಸರಪಳಿ ಸುತ್ತುವುದು ಹೇಗೆಂದು ಅಮೆರಿಕದ ಡ್ರೈವರುಗಳಿಗೆ ಕಲಿಸುತ್ತಾನೆ. ಅವನು ಹಿಮ ಕಂಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ. ಓಡಿಸುವುದು ಸ್ಕೂಟರ್.

ವಿಷಯ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲವಂತೆ, ಗೊತ್ತಿರುವವರೊಬ್ಬರು ಕಂಪನಿಯ ಕಡೆಯಿಂದ ಇರುತ್ತಾರೆ: ಸಬ್ಜೆಕ್ಟ್ ಮ್ಯಾಟರ್ ಎಕ್ಸ್‌ಪರ್ಟ್. ಮೂರು ಅಕ್ಷರಕ್ಕೆ ಇಳಿಸಿ ಇವರೆಲ್ಲ ಅದನ್ನು 'ಸ್ಮೀ' ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಮೂರ್ತಿ ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಲ್ಲಿ ನಿಂತು "ಸ್ಮೀ ಇನ್ನೂ ಒಪ್ಪಿಲ್ಲ, ಇನ್ನೊಂದೇ ಒಂದು ಸಲ ಕೇಳಿ ನೋಡ್ತೀನಿ" ಎಂದು ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿ ನನ್ನ ನಾದಿನಿ ಮರುದಿನವೇ ತವರಿಗೆ ಬಂದಿದ್ದಳು. ಅವನ ಮ್ಯಾನೇಜರು ಫೋನ್ ಮಾಡಿ, ಸ್ಮೀ ಎಂದರೆ ಐವತ್ತೆಂಟು ವರ್ಷದ ಬಾಯ್ಲರ್ ಎಂಜಿನಿಯರು ಎಂದು ವಿವರಿಸಬೇಕಾಯಿತು.

ಕಸುಬು ಮೈಗೆ ಹತ್ತಿಬಿಟ್ಟಿದೆ. ಅವನ ಪ್ರಕಾರ 'ಅರ್ಥಮಾಡಿಕೊಳ್ಳು' ಎಂಬುದು ಆಡಬಾರದ ಮಾತು. ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣತಜ್ಞ ಮತ್ತು ಅವನ ಸಂಗಡಿಗರು 1956ರಲ್ಲಿ ಕಲಿಕೆಗೆ ಮೆಟ್ಟಿಲುಗಳನ್ನು ಕಟ್ಟಿಕೊಟ್ಟರು. ಆಮೇಲೆ ಬಂದವರು ಒಂದೊಂದು ಮೆಟ್ಟಿಲಿಗೂ ಒಂದು ಬುಟ್ಟಿ ಕ್ರಿಯಾಪದ ಸುರಿದರು. ಪಟ್ಟಿಮಾಡು, ಗುರುತಿಸು, ಹೋಲಿಸು ಇವೆಲ್ಲ ಅಳತೆಗೆ ಸಿಗುತ್ತವೆ. ಅರ್ಥಮಾಡಿಕೊಂಡದ್ದನ್ನು ಯಾವ ಸೇರಿನಲ್ಲಿ ಅಳೆಯುವುದು? ಹಾಗಾಗಿ ಮಗಳ ನಾಮಕರಣಕ್ಕೆ ಅವನೇ ಬರೆದ ಆಮಂತ್ರಣ ಹೀಗಿತ್ತು: "ಈ ಸಮಾರಂಭದ ಕೊನೆಯಲ್ಲಿ ತಾವು ಮಗುವಿನ ಹೆಸರನ್ನು ಹೇಳಬಲ್ಲಿರಿ, ಸೋದರತ್ತೆಯರನ್ನು ಗುರುತಿಸಬಲ್ಲಿರಿ ಮತ್ತು ಎರಡು ಬಗೆಯ ಪಾಯಸಗಳನ್ನು ಹೋಲಿಸಬಲ್ಲಿರಿ." ಪುರೋಹಿತರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ನೆಂಟರನ್ನು ಅವನು ಇಟ್ಟಿರುವುದು ಸ್ಕಾರ್ಮ್ ಲೆಕ್ಕದಲ್ಲಿ. ಸ್ಕಾರ್ಮ್ ಎಂದರೆ ಯಾರೋ ತಯಾರಿಸಿದ ಪಾಠ ಇನ್ಯಾರದೋ ಕಂಪನಿಯ ಎಲ್‌ಎಂಎಸ್ ಎಂಬ ಕಲಿಕೆಯ ತಂತ್ರಾಂಶದಲ್ಲಿ ತಕರಾರಿಲ್ಲದೆ ಓಡಲೆಂದು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಹುಟ್ಟಿದ ಕಟ್ಟಳೆ. ಅದರ 1.2 ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆ 2004ರದು ಬಂತು, 2013ರಲ್ಲಿ ಎಕ್ಸ್‌ಎಪಿಐ ಬಂತು, ಆದರೂ ಗಿರಾಕಿಗಳು ಹಳೆಯ 1.2ನ್ನೇ ಕೇಳುತ್ತಾರಂತೆ, ಅಜ್ಜನ ಕಾಲದ ಒನಕೆಯೇ ಬೇಕೆಂಬಂತೆ. ಕಲಿಯುವವನು ಎಲ್ಲಿಯವರೆಗೆ ಬಂದಿದ್ದ, ಏನು ಒತ್ತಿದ್ದ ಎಂಬುದನ್ನೆಲ್ಲ ನೆನಪಿಡಲು ಅದರಲ್ಲಿರುವುದು 4096 ಅಕ್ಷರಗಳ ಜಾಗ. ಪಾಠ ಉದ್ದವಾದರೆ ಆ ನೆನಪಿನ ಪೆಟ್ಟಿಗೆ ತುಂಬಿ, ನಲವತ್ತನೇ ಸ್ಲೈಡಿನಲ್ಲಿ ಎದ್ದು ಊಟಕ್ಕೆ ಹೋದವನು ಬಂದು ನೋಡಿದರೆ ಮತ್ತೆ ಹಿಂದೆಲ್ಲೋ ನಿಂತಿರುತ್ತಾನೆ. ಕಲಿಯುವವರಿಗೆ ಅದು ಕೊಡುವ ಪಟ್ಟಗಳು ಆರೇ ಆರು: ಪಾಸ್ಡ್, ಕಂಪ್ಲೀಟೆಡ್, ಫೇಲ್ಡ್, ಇನ್‌ಕಂಪ್ಲೀಟ್, ಬ್ರೌಸ್ಡ್, ನಾಟ್ ಅಟೆಂಪ್ಟೆಡ್. ನಮ್ಮ ಮಾವನವರು ಕಂಪ್ಲೀಟೆಡ್. ಮದುವೆಯ ಮಾತೆತ್ತಿದರೆ ಎದ್ದುಹೋಗುವ ಭಾವಮೈದುನ ನಾಟ್ ಅಟೆಂಪ್ಟೆಡ್. ನನ್ನನ್ನು ಬ್ರೌಸ್ಡ್ ಎಂದಿದ್ದಾನೆ, ಬೇಜಾರಿಲ್ಲ. "ಆರರಲ್ಲಿ 'ಕಲಿತ' ಅನ್ನೋದು ಇಲ್ಲವಲ್ಲೋ?" ಎಂದೆ. "ಅದನ್ನ ಟ್ರ್ಯಾಕ್ ಮಾಡಕ್ಕಾಗಲ್ಲ ಭಾವ" ಎಂದ.

ಅವನ ಹಳೆಯ ಗೆಳೆಯರು ಮನೆಗೆ ಬಂದರೆ ಮಾತೆಲ್ಲ ಪಾಠ ಕಟ್ಟುವ ಆಥರಿಂಗ್ ಟೂಲುಗಳದೇ. ಆಥರ್‌ವೇರ್ ಕಾಲದಲ್ಲಿ ಹೇಗಿತ್ತು ಎಂದು ಒಬ್ಬ ನಿಟ್ಟುಸಿರಿಡುತ್ತಾನೆ. ಅದು 2007ಕ್ಕೇ ನಿಂತಿತು. ಕ್ಯಾಪ್ಟಿವೇಟ್ ಪಾಪ, ರೋಬೋಡೆಮೊ ಎಂಬ ಹೆಸರಿನಲ್ಲಿ ಇಹೆಲ್ಪ್ ಎಂಬ ಕಂಪನಿಯಲ್ಲಿ ಆಡಿಕೊಂಡಿದ್ದ ಕೂಸು. 2003ರಲ್ಲಿ ಮ್ಯಾಕ್ರೋಮೀಡಿಯಾ ದತ್ತು ತೆಗೆದುಕೊಂಡು ಆಮೇಲೆ ಹೆಸರು ಬದಲಿಸಿತು, 2005ರಲ್ಲಿ ಸಾಕಿದವರನ್ನೇ ಅಡೋಬಿ ಕೊಂಡಿತು. 2012ರಲ್ಲಿ ಆರ್ಟಿಕ್ಯುಲೇಟ್ ಕಂಪನಿಯ ಸ್ಟೋರಿಲೈನ್ ಬಂದ ಮೇಲೆ ಗೆಳೆಯರಲ್ಲಿ ಎರಡು ಪಂಗಡವಾಯಿತು. ವಿದ್ಯಾರ್ಥಿ ಭವನದ ದೋಸೆಯೋ ಸಿಟಿಆರ್ ದೋಸೆಯೋ ಎಂಬ ಜಗಳದಷ್ಟೇ ಗಂಭೀರವಾಗಿ ಅವರು ಕಾದಾಡುತ್ತಾರೆ. ಲೆಕ್ಟೋರಾದವನೊಬ್ಬ ಮೂಲೆಯಲ್ಲಿ ಕೂತು ಕೋಡುಬಳೆ ಮುರಿಯುತ್ತಿರುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ. ಆದರೆ ಫ್ಲ್ಯಾಶ್ ಎಂದೊಡನೆ ಎಲ್ಲರೂ ಒಂದಾಗಿ ಮೌನ ಆಚರಿಸುತ್ತಾರೆ. 2020ರ ಡಿಸೆಂಬರ್ 31ರಂದು ಅಡೋಬಿ ಅದಕ್ಕೆ ಎಳ್ಳುನೀರು ಬಿಟ್ಟಿತು. ಇವರು ಹೊಟ್ಟೆಬಟ್ಟೆ ಕಟ್ಟಿ ಮಾಡಿದ್ದ ಪಾಠಗಳೆಲ್ಲ ತೆರೆಯದ ಬಾಗಿಲಾದವು. ಹಳೆಯ ಫ್ಲ್ಯಾಶನ್ನು ಎಚ್‌ಟಿಎಂಎಲ್‌5ಕ್ಕೆ ದಾಟಿಸುವ ಆ ಕೆಲಸವೇ ಮೂರ್ತಿಗೆ ಎರಡು ವರ್ಷ ಅನ್ನ ಹಾಕಿತು. ಸತ್ತವರ ಹೆಸರಿನಲ್ಲಿ ಉಂಡವರುಂಟು ಎಂದು ನಾನು ಬಾಯಿಬಿಡಲಿಲ್ಲ.

ಈ ಪಾಠಗಳ ಇನ್ನೊಂದು ತುದಿಯಲ್ಲಿ ಇರುವವನು ನಾನು. ಮಾರ್ಚ್ ಕೊನೆಗೆ ನಮ್ಮ ಬ್ರಾಂಚಿಗೆ ಕಡ್ಡಾಯ ಕೋರ್ಸುಗಳ ಪಟ್ಟಿ ಬರುತ್ತದೆ. ಕೋಟು ತೊಟ್ಟ ಗೊಂಬೆಯೊಂದು ಕೈ ಚಾಚಿ ನಿಂತು, ಪರದೆಯ ಮೇಲೆ ಬರೆದಿರುವುದನ್ನೇ ಅಕ್ಷರ ಬಿಡದೆ ಓದುತ್ತದೆ. ಓದಿ ಮುಗಿಸುವವರೆಗೆ 'ನೆಕ್ಸ್ಟ್' ಬೂದಿ ಬಣ್ಣದಲ್ಲಿ ಸತ್ತು ಬಿದ್ದಿರುತ್ತದೆ. ನಾವು ಸೌಂಡ್ ತೆಗೆದು ಪಾಸ್‌ಬುಕ್ ಎಂಟ್ರಿ ಮಾಡುತ್ತೇವೆ. ಒಂದು ವರ್ಷ ಪುರಸೊತ್ತೇ ಇಲ್ಲದೆ ಎಲ್ಲ ಕೌಂಟರಿನ ಮೌಸನ್ನೂ ಅಟೆಂಡರ್ ಕೈಗೆ ಕೊಟ್ಟೆವು. ಹನ್ನೊಂದು ಜನರ ಪರವಾಗಿ ಹನ್ನೊಂದು ಸಲ ಅವನು ಅಕ್ರಮ ಹಣ ವರ್ಗಾವಣೆ ತಡೆ ಕೋರ್ಸು ಮುಗಿಸಿದ. ಈಗ ನಮ್ಮಲ್ಲಿ ಆ ನಿಯಮ ನಿಜವಾಗಿ ಗೊತ್ತಿರುವುದು ಅವನೊಬ್ಬನಿಗೆ. ಮೊನ್ನೆ ದೊಡ್ಡ ಗಿರಾಕಿಯೊಬ್ಬರು ಚೀಲ ತಂದಾಗ ಪ್ಯಾನ್ ಕೇಳಿದ್ದು ಅವನೇ.

ಇದನ್ನು ಮೂರ್ತಿಗೆ ಹೇಳಿದರೆ ಅವನು ನಗಲಿಲ್ಲ. ಅವನ ಗಿರಾಕಿಯದೂ ಒಂದು ಕಥೆಯಿತ್ತು. ಬೆಂಕಿ ಸುರಕ್ಷತೆಯ ಕೋರ್ಸಿನಲ್ಲಿ ಅರ್ಧಕ್ಕರ್ಧ ಸಿಬ್ಬಂದಿ ನಪಾಸಾದರಂತೆ. ಪಾಠ ತಿದ್ದೋಣವೆಂದು ಇವನು ಹದಿನೈದು ದಿನದ ಲೆಕ್ಕ ಕಳಿಸಿದ. ಕಂಪನಿಯಿಂದ ಒಂದೇ ಸಾಲು ಬಂತು: ಪಾಸ್ ಆಗಲು ಬೇಕಾದ ಅಂಕ 80ರಿಂದ 60ಕ್ಕೆ ಇಳಿಸಿ, ಇವತ್ತೇ. ಇಳಿಸಿದ. ಸಂಜೆಯೊಳಗೆ ಎಲ್ಲರೂ ಬೆಂಕಿಯಿಂದ ಪಾರಾದರು.

ಕಳೆದ ಯುಗಾದಿಗೆ ಇವನಿಗೆ ಒಂದು ಹುಕಿ ಬಂತು. ಅತ್ತೆಯವರ ಒಬ್ಬಟ್ಟು ಅವರೊಂದಿಗೇ ಮುಗಿಯಬಾರದು, ಮೊಮ್ಮಕ್ಕಳಿಗೆ ಉಳಿಯಬೇಕು, ಆದ್ದರಿಂದ ಮಾಡ್ಯೂಲ್. ಮೂರು ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಟಿಪ್ಪಣಿ ಮಾಡಿಕೊಂಡ. "ಅಳತೆ ಎಷ್ಟು ಅತ್ತೆ?" "ಕಣ್ಣಂದಾಜು." "ಎಷ್ಟು ಹೊತ್ತು?" "ಆಗೋವರೆಗೆ." ಸ್ಟೋರಿಲೈನಿನಲ್ಲಿ ಹನ್ನೆರಡು ಸ್ಲೈಡು, ಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಡಬ್ಬಿಗಳು, ನನ್ನ ಹೆಂಡತಿಯ ದನಿ, ಕೊನೆಗೆ ಐದು ಪ್ರಶ್ನೆ. ಹಬ್ಬದ ಬೆಳಿಗ್ಗೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಮೊದಲ ವಿದ್ಯಾರ್ಥಿಯಾಗಿ ಅತ್ತೆಯವರನ್ನೇ ಕೂರಿಸಿದ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಪಾಠವನ್ನೆಲ್ಲ ನೆಕ್ಸ್ಟ್ ನೆಕ್ಸ್ಟ್ ಎಂದು ದಾಟಿ ನೇರ ಪರೀಕ್ಷೆಗೆ ಬಂದರು. ಹಂತಗಳನ್ನು ಕ್ರಮವಾಗಿ ಜೋಡಿಸಬೇಕಿತ್ತು. ಅವರು ಕಣಕ ಕಲಸುವ ಡಬ್ಬಿಯನ್ನು ಎಳೆದು ಎಲ್ಲಕ್ಕಿಂತ ಮೇಲಿಟ್ಟರು. ಕೆಂಪು ಗುರುತು ಬಂತು.

"ಅದು ನಾಲ್ಕನೇದು ಅತ್ತೆ, ಬೇಳೆ ಬೆಂದ ಮೇಲೆ" ಎಂದ ಮೂರ್ತಿ.

"ಅಳಿಯಂದ್ರೇ, ಕಣಕ ಎಣ್ಣೇಲಿ ಎರಡು ಗಂಟೆಯಾದ್ರೂ ನೆನೀಬೇಕು. ಬೇಳೆ ಬೆಂದ ಮೇಲೆ ಕಲಸಿದರೆ ಊಟ ಸಂಜೆಗೆ."

"ನೀವು ಹೇಳೋದು ಸರಿ ಅತ್ತೆ. ಆದರೆ ಆಡಿಯೊ ರೆಕಾರ್ಡ್ ಆಗಿಬಿಟ್ಟಿದೆ."

ಮುಂದಿನದು: ಹೂರಣ ಹದವಾಗಿದೆಯೆಂದು ಹೇಗೆ ತಿಳಿಯುವಿರಿ? ಹೊಳಪಿನಿಂದ, ಪರಿಮಳದಿಂದ, ಕೈಗೆ ಅಂಟದಿರುವುದರಿಂದ, ಮೇಲಿನ ಎಲ್ಲವೂ. ಅತ್ತೆ ಕೈಗೆ ಅಂಟದಿರುವುದನ್ನು ಒತ್ತಿದರು. ಮತ್ತೆ ಕೆಂಪು. ಉಳಿದ ಮೂರು ಸರಿಯಾದವು. ಪರದೆಯ ಮೇಲೆ ಶೇ. 60, ಕೆಳಗೆ 'ಫೇಲ್ಡ್', ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತ ಕೋಟಿನ ಗೊಂಬೆ.

ಅತ್ತೆ ಏನೂ ಅನ್ನದೆ ಒಳಗೆ ಹೋದರು. ಎಲೆ ಹಾಕಿದಾಗ ಎಲ್ಲರಿಗೂ ಒಬ್ಬಟ್ಟು ಬಂತು, ಮೇಲೆ ಒಂದೊಂದು ಮಿಳ್ಳೆ ತುಪ್ಪ. ಮೂರ್ತಿಯ ಎಲೆಯ ಹತ್ತಿರ ತಟ್ಟೆ ನಿಂತು ಹಿಂದಕ್ಕೆ ಹೋಯಿತು.

"ಫೇಲಾದವಳು ಮಾಡಿದ್ದು ಅಳಿಯಂದ್ರೇ. ನಿಮಗೆ ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಬಡಿಸಲಿ?"

ಮೂರ್ತಿ ಎಲೆಯ ಮುಂದಿನಿಂದ ಎದ್ದ. ಎಡಗೈಯಲ್ಲಿ ಲ್ಯಾಪ್‌ಟಾಪ್ ತೆರೆದು 80 ಎಂದಿದ್ದನ್ನು 60 ಮಾಡಿ ಪಬ್ಲಿಷ್ ಒತ್ತಿದ. ಹಸಿರು ಪಟ್ಟಿ ತುಂಬುವವರೆಗೆ ಅತ್ತೆ ಅವನ ಬೆನ್ನ ಹಿಂದೆ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

"ನಿಮ್ಮ ಕೆಲಸ ಇದೇನಾ?" ಎಂದರು.

"ಹೆಚ್ಚುಕಡಿಮೆ ಇದೇ ಅತ್ತೆ" ಎಂದ ಮೂರ್ತಿ. ಎರಡು ಒಬ್ಬಟ್ಟು ಬಿತ್ತು.