ಸಿಪಾಯಿ ಮತ್ತು ಪೀಪಾಯಿ

ಓಕ್ ಮರದ ಹಲಗೆ, ಅದಕ್ಕೆ ಬಿಗಿದ ಮರದ ಬಳೆ, 196 ಪೌಂಡ್ ಹಿಟ್ಟು ಹಿಡಿಸುವ ಹೊಟ್ಟೆ. ಹಿಟ್ಟು ಎಂದೋ ಮುಗಿದಿದೆ. ಈಗ ಅಲ್ಲಿ ಜೇಡವೊಂದು ಸಂಸಾರ ಹೂಡಿದೆ. ಓಹಾಯೋ ನದಿಯ ದಂಡೆಯಲ್ಲಿ ಫೋರ್ಟ್ ವಾಷಿಂಗ್ಟನ್ ಎಂಬ ಕೋಟೆಯಿತ್ತು. ಇಂದಿನ ಸಿನ್ಸಿನಾಟಿ ಇರುವ ಜಾಗ. 1791ರಲ್ಲಿ ಅದರ ಉಗ್ರಾಣದಲ್ಲಿ ಸೇವೆಗೆ ಸೇರಿದ ಈ ಪೀಪಾಯಿ, ಹೊಸ ಅಮೆರಿಕ ಗಣರಾಜ್ಯದ ಗಡಿ ಸೈನ್ಯವನ್ನು ಬಹಳ ಹತ್ತಿರದಿಂದ, ಅಂದರೆ ಹೊಟ್ಟೆಯ ಮಟ್ಟದಿಂದ, ಕಂಡ ಸಾಕ್ಷಿ. ಸಂದರ್ಶನ ಕೇಳಿದಾಗ ಮೊದಲು "ಟಿಎ, ಡಿಎ ಉಂಟೋ?" ಎಂದು ವಿಚಾರಿಸಿತು. ಇಲ್ಲವೆಂದೆ. "ಆಗಲೂ ಇರಲಿಲ್ಲ" ಎಂದು ಒಪ್ಪಿಕೊಂಡಿತು.

ನಾನು: ತಾತ, ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ. ನೀವು ಖಾಲಿಯಾದ ಮೇಲೇ ಮಾತಿಗಿಳಿದಿರಿ.

ಪೀಪಾಯಿ: ತುಂಬಿದ್ದಾಗ ನನ್ನ ಸುತ್ತ ಪಹರೆ ಇತ್ತು ತಮ್ಮಾ. ಪಹರೆಯವರೂ ಹಸಿದವರೇ. ಅವರ ಮುಂದೆ ಬಾಯಿ ತೆರೆಯೋ ಧೈರ್ಯ ಯಾವ ಪೀಪಾಯಿಗಿದೆ?

ನಾನು: ಒಬ್ಬ ಸಿಪಾಯಿಗೆ ದಿನಕ್ಕೆ ಎಷ್ಟು ಪಡಿ ಸಿಗುತ್ತಿತ್ತು?

ಪೀಪಾಯಿ: ಕಾಗದದ ಮೇಲೋ, ತಟ್ಟೆಯ ಮೇಲೋ? 1790ರ ಕಾಯಿದೆ ಕೇಳು: ಒಂದು ಪೌಂಡ್ ದನದ ಮಾಂಸ, ಇಲ್ಲವೇ ಮುಕ್ಕಾಲು ಪೌಂಡ್ ಹಂದಿ ಮಾಂಸ. ಒಂದು ಪೌಂಡ್ ರೊಟ್ಟಿ ಅಥವಾ ಹಿಟ್ಟು. ಅರ್ಧ ಗಿಲ್ ರಮ್ಮೋ ಬ್ರಾಂದಿಯೋ ವಿಸ್ಕಿಯೋ. ನಿಮ್ಮ ಬಾರುಗಳ ಲೆಕ್ಕದಲ್ಲಿ ಒಂದು ಸಿಕ್ಸ್ಟಿ. ನೂರು ಪಡಿಗೆ ಎರಡು ಪೌಂಡ್ ಸಾಬೂನು, ಒಂದು ಪೌಂಡ್ ಮೇಣದಬತ್ತಿ. ಓದೋಕೆ ಮದುವೆ ಮನೆಯ ಪಟ್ಟಿ ಇದ್ದ ಹಾಗಿದೆ, ಅಲ್ಲವೇ?

ನಾನು: ಸಂಬಳ?

ಪೀಪಾಯಿ: ತಿಂಗಳಿಗೆ ಮೂರು ಡಾಲರ್. ಬಟ್ಟೆಗೆ ಅಂತ 90 ಸೆಂಟ್ ಮುರಿದುಕೊಳ್ಳೋರು, ಆಸ್ಪತ್ರೆಗೆ ಅಂತ 10 ಸೆಂಟ್. ಉಳಿದದ್ದು ಎರಡು. ಅದೂ ಬರಬೇಕಾದ ತಿಂಗಳಲ್ಲಿ ಬರುತ್ತಿರಲಿಲ್ಲ. ಹೊಲಿಗೆ ಬಿಚ್ಚಿಹೋದ ಅಂಗಿಗೆ ತಿಂಗಳು ತಿಂಗಳು ಕಂತು ಕಟ್ಟಿದವರನ್ನ ನಾನು ಅಲ್ಲೇ ನೋಡಿದ್ದು.

ನಾನು: ಇಷ್ಟು ಹಿಟ್ಟು ಕಾಡಿಗೆ ತಲುಪಿಸುವ ಹೊಣೆ ಯಾರದು?

ಪೀಪಾಯಿ: (ನಗುತ್ತಾ, ಜೇಡ ಒಂದು ಮಗ್ಗುಲಿಗೆ ಸರಿಯಿತು) ಅಲ್ಲೇ ಇರೋದು ನೋಡು ಕೈಚಳಕ. ಹಣ ಕೊಡೋದು ಖಜಾನೆ. ದಂಡೆತ್ತಿ ಹೋಗು ಅನ್ನೋದು ಯುದ್ಧ ಖಾತೆ. ಹಿಟ್ಟು, ಮಾಂಸ ಒದಗಿಸೋದು ಖಾಸಗಿ ಗುತ್ತಿಗೆದಾರ. ಡೇರೆ, ಮದ್ದು, ಕುದುರೆಯ ತಡಿ ಇವೆಲ್ಲ ಕ್ವಾರ್ಟರ್‌ಮಾಸ್ಟರ್ ಪಾಲು. ಹಸಿಯೋದು ಮಾತ್ರ ಸಿಪಾಯಿ. ಆ ಖಾತೆಯನ್ನ ಅವನು ಯಾರಿಗೂ ಬಿಟ್ಟುಕೊಡಲಿಲ್ಲ.

ನಾನು: ಆ ಗುತ್ತಿಗೆದಾರರು…

ಪೀಪಾಯಿ: ವಿಲಿಯಂ ಡ್ಯೂಯರ್. ನ್ಯೂಯಾರ್ಕಿನ ದೊಡ್ಡ ಮನುಷ್ಯ. ಖಜಾನೆಯ ಕಾರ್ಯದರ್ಶಿ ಹ್ಯಾಮಿಲ್ಟನ್ ಕೈಕೆಳಗೆ ಉಪಾಧಿಕಾರಿಯಾಗಿದ್ದು, 1790ರಲ್ಲಿ ಬಿಟ್ಟು ಬಂದವನು. ಗುತ್ತಿಗೆ ಆಗಿದ್ದು ಬೇರೊಬ್ಬನ ಹೆಸರಿಗೆ, ಕೈ ಬದಲಾಗಿ ಇವನಿಗೆ ಬಂತು. ಯುದ್ಧ ಖಾತೆಯ ಕಾರ್ಯದರ್ಶಿ ಹೆನ್ರಿ ನಾಕ್ಸ್ ಇದ್ದನಲ್ಲ, ಅವನೂ ಇವನೂ ಸೇರಿ ಅದೇ 1791ರಲ್ಲಿ ಮೇಯ್ನ್ ಕಡೆ ಲಕ್ಷಾಂತರ ಎಕರೆ ಕಾಡು ಕೊಳ್ಳೋ ವ್ಯವಹಾರ ಮಾಡುತ್ತಿದ್ದರು.

ನಾನು: ಅಂದರೆ ಹಿಟ್ಟು ಒದಗಿಸುವವನೂ ದಂಡು ಕಳಿಸುವವನೂ ಪಾಲುದಾರರೇ?

ಪೀಪಾಯಿ: ನೀನು ಆ ಮಾತು ಹೇಳಿದೆ, ನಾನು ಹೇಳಲಿಲ್ಲ ಅಂತ ಬರೆದುಕೋ. ಇನ್ನೊಂದು ಸೇರಿಸು. ಓಹಾಯೋ ಕಡೆಯ ಜಮೀನನ್ನ ಫ್ರಾನ್ಸಿನವರಿಗೆ ಮಾರೋಕೆ ಹೊರಟ ಸಯೋಟೋ ಕಂಪನಿಯಲ್ಲೂ ಇದೇ ಡ್ಯೂಯರ್ ಮುಂದಾಳು. ಆ ನೆಲ ಮಯಾಮಿ, ಶಾನೀ, ಡೆಲವೇರ್ ಜನರದ್ದು. ಅವರದನ್ನ ಕಿತ್ತುಕೊಳ್ಳೋಕೆ ದಂಡು, ಆ ದಂಡಿಗೆ ಹಿಟ್ಟು ಹಾಕೋನು ಅದೇ ನೆಲದ ವ್ಯಾಪಾರಿ. ದಂಡಿಗೆ ಅಂತ ಬಂದ ಮುಂಗಡ ಅವನ ಸಟ್ಟಾ ವ್ಯವಹಾರಕ್ಕೆ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತೀರಲ್ಲ, ಇಲ್ಲಿ ಪೂಜಾರಿ ಗುಡಿಯನ್ನೇ ಅಡವಿಟ್ಟಿದ್ದ.

ನಾನು: ಕ್ವಾರ್ಟರ್‌ಮಾಸ್ಟರ್ ಜನರಲ್ ಸ್ಯಾಮ್ಯುಯೆಲ್ ಹಾಜ್ಡನ್ ಬಗ್ಗೆ?

ಪೀಪಾಯಿ: ಬೇಸಿಗೆಯಲ್ಲೇ ದಂಡು ಹೊರಡಬೇಕಿತ್ತು. ಈ ಮಹಾಶಯ ಕೋಟೆಗೆ ಬಂದು ಇಳಿದದ್ದು ಸೆಪ್ಟೆಂಬರಿನಲ್ಲಿ. ಜೊತೆಗೆ ಸೋರುವ ಡೇರೆ, ಹೊತ್ತಿಕೊಳ್ಳದ ಮದ್ದು. ಹೇರು ಕುದುರೆಗಳ ತಡಿ ಕಥೆ ಕೇಳು. ಹತ್ತಿರದ ಪಿಟ್ಸ್‌ಬರ್ಗಿನಲ್ಲಿ ಅಗ್ಗವಾಗಿ ಮಾಡಿಸಬಹುದಿತ್ತು. ಫಿಲಡೆಲ್ಫಿಯಾದಲ್ಲಿ ಮಾಡಿಸಿ, ಬೆಟ್ಟ ಹತ್ತಿಸಿ, ನದಿ ದಾಟಿಸಿ ತಂದರು. ಕುದುರೆಗೆ ಹಾಕಿ ನೋಡಿದರೆ ಅವು ಅಳತೆಗೆ ಮೀರಿ ದೊಡ್ಡವು. ಕುದುರೆಗಳ ಉಸ್ತುವಾರಿಗೆ ಬಂದವನು ಕಾಡನ್ನೇ ಕಾಣದವನು. ಕೊರಳಿಗೆ ಕಟ್ಟೋ ಗಂಟೆ ಇತ್ತು, ಕಾಲಿಗೆ ಕಟ್ಟೋ ಹಗ್ಗ ಇತ್ತು, ಕಟ್ಟಲಿಲ್ಲ. ಮೇಯಲು ಹೋದ ಕುದುರೆಗಳು ಎಷ್ಟೋ ಹಾಗೇ ಹೋದವು.

ನಾನು: ದಂಡನಾಯಕರಾದ ಆರ್ಥರ್ ಸೇಂಟ್ ಕ್ಲೇರ್?

ಪೀಪಾಯಿ: ಕಾಲುಬಾವಿನ ಗೌಟ್ ರೋಗ. ಡೋಲಿಯಲ್ಲಿ ಹೊತ್ತುಕೊಂಡು ಹೋಗಬೇಕಾಗಿತ್ತು ಪಾಪ. ಎರಡು ಸಾವಿರ ಬಾಯಿಗೆ ದಿನಕ್ಕೆ ನನ್ನಂಥ ಹತ್ತು ಪೀಪಾಯಿ ಹಿಟ್ಟು ಬೇಕು. ಕಾಡುದಾರಿಯಲ್ಲಿ ಪೀಪಾಯಿ ಹೋಗೋಲ್ಲ, ಹಿಟ್ಟನ್ನು ಚೀಲಕ್ಕೆ ಸುರಿದು ಕುದುರೆ ಮೇಲೆ ಹೇರಬೇಕು. ಕುದುರೆಯಿದ್ದರೆ ಹಿಟ್ಟಿಲ್ಲ, ಹಿಟ್ಟಿದ್ದರೆ ಕುದುರೆಯಿಲ್ಲ. ಅರ್ಧ ದಾರಿಯಲ್ಲೇ ಪಡಿ ಕಡಿತ. ಅಕ್ಟೋಬರ್ 31ರಂದು ಒಂದಷ್ಟು ಮಿಲಿಷಿಯಾದವರು ದಂಡು ಬಿಟ್ಟು ಓಡಿದರು. ಹಿಂದಿನಿಂದ ಬರುತ್ತಿದ್ದ ಹಿಟ್ಟಿನ ಸಾಲನ್ನ ಅವರೇ ದೋಚಿಬಿಟ್ಟರೆ? ದಂಡಿನಲ್ಲಿದ್ದ ಒಂದೇ ಒಂದು ಪಳಗಿದ ರೆಜಿಮೆಂಟನ್ನು, ಸುಮಾರು 300 ಜನರನ್ನು, ಹಿಟ್ಟು ಕಾಯಲು ಹಿಂದಕ್ಕೆ ಅಟ್ಟಿದರು.

ನಾನು: ನವೆಂಬರ್ 4ರ ಬೆಳಗ್ಗೆ?

ಪೀಪಾಯಿ: (ಸ್ವಲ್ಪ ಹೊತ್ತು ಸುಮ್ಮನಿತ್ತು) ವಬಾಷ್ ನದಿಯ ದಡದಲ್ಲಿ ಉಳಿದಿದ್ದವರು ಹತ್ತಿರ ಹತ್ತಿರ 1,400. ಮಯಾಮಿಗಳ ಲಿಟಲ್ ಟರ್ಟಲ್, ಶಾನೀಗಳ ಬ್ಲೂ ಜಾಕೆಟ್ ಮುಂದಾಳತ್ವದಲ್ಲಿ ಆ ನೆಲದ ಜನ ಬೆಳಕು ಹರಿಯೋ ಹೊತ್ತಿಗೆ ಮುತ್ತಿದರು. ಮೂರು ತಾಸು. 600ಕ್ಕೂ ಹೆಚ್ಚು ಸಿಪಾಯಿಗಳು ಸತ್ತರು. ದಂಡಿನ ಜೊತೆ ಬಂದಿದ್ದ ಹೆಂಗಸರು ಬಹಳ ಜನ ಹೋದರು, ಮಕ್ಕಳೂ ಇದ್ದರು. ಆ ರೆಜಿಮೆಂಟು ಆಗ ಹಿಟ್ಟಿನ ದಾರಿಯಲ್ಲಿತ್ತು. ಇದ್ದಿದ್ದರೆ ಅದೂ ಸಾಯುತ್ತಿತ್ತೋ, ದಂಡು ಉಳಿಯುತ್ತಿತ್ತೋ, ಪಂಡಿತರು ಚರ್ಚೆ ಮಾಡಲಿ. ಎದುರು ಪಕ್ಷದ ಉಗ್ರಾಣ ಹೇಗಿತ್ತು ಗೊತ್ತೇ? ಇಪ್ಪತ್ತು ಜನರ ಗುಂಪು; ಅದರಲ್ಲಿ ನಾಲ್ವರು ಬೇಟೆಗೆ ಹೋಗಿ ಮಧ್ಯಾಹ್ನಕ್ಕೆ ಎಲ್ಲರಿಗೂ ಮಾಂಸ ತರೋದು ಅಂತ ಹೇಳ್ತಾರೆ. ಟೆಂಡರ್ ಇಲ್ಲ, ವೋಚರ್ ಇಲ್ಲ. ಊಟ ಇತ್ತು.

ನಾನು: ಅದೇ 1791ರ ಮೇ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣದ ಹೊರಗೂ ಇದೇ ಪಾಡು ತಾತ. ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಅಂತ…

ಪೀಪಾಯಿ: ಯಾರ್ಕ್‌ಟೌನಿನಲ್ಲಿ ನಮ್ಮವರ ಕೈಲಿ ಸೋತ ಆ ದೊರೆಯೇ?

ನಾನು: ಅವನೇ. ಎತ್ತುಗಳು ಸತ್ತು, ದವಸ ಮುಗಿದು, ಕೋಟೆ ಒಡೆಯಲು ತಂದ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಹಿಂದೆ ಸರಿದ. ದಾರಿಯಲ್ಲಿ ಮರಾಠರ ದಂಡು, ಅದರ ತುಂಬಿದ ಬಜಾರು ಸಿಕ್ಕಿ ಬದುಕಿಕೊಂಡ. ಮುಂದೆ ಲಂಬಾಣಿಗಳು ಎತ್ತಿನ ಮೇಲೆ ಅವನಿಗೆ ದವಸ ತಂದು ಹಾಕಿದರು.

ಪೀಪಾಯಿ: ಪುಣ್ಯವಂತ. ಅವನಿಗೆ ಲಂಬಾಣಿಗಳು ಸಿಕ್ಕರು, ನಮಗೆ ಡ್ಯೂಯರ್ ಸಿಕ್ಕ.

ನಾನು: ತನಿಖೆ ಆಯಿತಲ್ಲ?

ಪೀಪಾಯಿ: ಆಗದೆ ಇರುತ್ತದೆಯೇ! ಅಮೆರಿಕದ ಕಾಂಗ್ರೆಸ್ ನಡೆಸಿದ ಮೊದಲ ದೊಡ್ಡ ತನಿಖೆಯೇ ಅದು, 1792ರಲ್ಲಿ. ಕಾಗದಪತ್ರ ಕೊಡಬೇಕೋ ಬೇಡವೋ ಅಂತ ಅಧ್ಯಕ್ಷ ವಾಷಿಂಗ್ಟನ್ ಮಂತ್ರಿಗಳನ್ನೆಲ್ಲ ಕೂರಿಸಿಕೊಂಡು ಯೋಚಿಸಿದರು, ಕೊನೆಗೆ ಕೊಟ್ಟರು. ಸೇಂಟ್ ಕ್ಲೇರ್ ತಪ್ಪಿಲ್ಲ, ಗುತ್ತಿಗೆದಾರನೂ ಕ್ವಾರ್ಟರ್‌ಮಾಸ್ಟರನೂ ಕೆಡಿಸಿದರು ಅಂತ ವರದಿ ಬಂತು. ನಾಕ್ಸ್, ಹಾಜ್ಡನ್ ತಕರಾರು ತೆಗೆದರು. ಮತ್ತೆ ವಿಚಾರಣೆ, 1793ರಲ್ಲಿ ಕೊಂಚ ಮೆತ್ತಗಿನ ವರದಿ. ಸದನ ಅದನ್ನು ಅಂಗೀಕರಿಸುವ ಗೋಜಿಗೇ ಹೋಗಲಿಲ್ಲ. 1800ರ ನವೆಂಬರಿನಲ್ಲಿ ಯುದ್ಧ ಖಾತೆಯ ಕಚೇರಿಗೆ ಬೆಂಕಿ ಬಿದ್ದು ಕಡತಗಳೇ ಸುಟ್ಟುಹೋದವು. ನನ್ನನ್ನ ಮಾತ್ರ ಯಾರೂ ಸಾಕ್ಷಿಗೆ ಕರೆಯಲಿಲ್ಲ.

ನಾನು: ಆಮೇಲೆ ಬಂದ ಆಂಟನಿ ವೇಯ್ನ್ ಗೆದ್ದರಲ್ಲ? ಅವರಿಗೂ ಗುತ್ತಿಗೆದಾರರೇ ತಾನೇ?

ಪೀಪಾಯಿ: ಗುತ್ತಿಗೆದಾರರೇ. ಆದರೆ ಆತ ಅವರನ್ನ ನಂಬಲಿಲ್ಲ. ಕೋಟೆ ಕೋಟೆಗೂ ಮೊದಲೇ ದಾಸ್ತಾನು ಮಾಡಿಸಿ, ಎರಡು ವರ್ಷ ಕಾದು ಹೆಜ್ಜೆ ಇಟ್ಟ. 1794ರ ಆಗಸ್ಟಿನಲ್ಲಿ ಮಾಮೀ ನದಿಯ ದಂಡೆಯಲ್ಲಿ ಆ ಜನ ಬೆಳೆದಿದ್ದ ಮೆಕ್ಕೆಜೋಳದ ಹೊಲಗಳನ್ನ ಕಂಡು ಬೆರಗಾದ. ಅದೇ ತಿಂಗಳು ಗೆದ್ದ ಮೇಲೆ, ದಂಡು ತಿನ್ನುವಷ್ಟು ತಿಂದು ಉಳಿದದ್ದನ್ನು ಹಾಳುಮಾಡಿತು. ಗುತ್ತಿಗೆದಾರನಿಗಿಂತ ಶತ್ರುವಿನ ಹೊಲವೇ ನಂಬಿಕಸ್ತ ಅಂತಾಯಿತು. ಆ ಹೊಲದವರು ಚಳಿಗಾಲಕ್ಕೆ ಏನು ತಿಂದರು ಅಂತ ಯಾವ ಮಸ್ಟರ್ ರೋಲಿನಲ್ಲೂ ಬರೆದಿಲ್ಲ.

ನಾನು: ಪಾಠ ಕಲಿತರೇ?

ಪೀಪಾಯಿ: ಕಲಿತರು. 1802ರಲ್ಲಿ ಉಳಿತಾಯ ಅಂತ ಕ್ವಾರ್ಟರ್‌ಮಾಸ್ಟರ್ ಇಲಾಖೆಯನ್ನೇ ತೆಗೆದು ಮೂವರು ಏಜೆಂಟರನ್ನ ಕೂರಿಸಿದರು. ಅದಕ್ಕೂ ಮೊದಲು, 1801ರಲ್ಲಿ, ಜನರಲ್ ವಿಲ್ಕಿನ್ಸನ್ ಎಲ್ಲರೂ ಜುಟ್ಟು ಕತ್ತರಿಸಬೇಕು ಅಂತ ಹುಕುಂ ಹೊರಡಿಸಿದ. ಥಾಮಸ್ ಬಟ್ಲರ್ ಅನ್ನೋ ಹಳೆಯ ಕರ್ನಲ್ ಒಪ್ಪಲಿಲ್ಲ. ಆತನ ಮೇಲೆ ಒಂದಲ್ಲ, ಎರಡು ಸಲ ಕೋರ್ಟ್ ಮಾರ್ಷಲ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ನಿಮ್ಮ ಗಾದೆ. ನಮ್ಮವರು ಹಿಟ್ಟಿನ ಜೊತೆ ಜುಟ್ಟನ್ನೂ ಕಿತ್ತುಕೊಂಡರು. ವಿಲ್ಕಿನ್ಸನ್ ಗುಟ್ಟಾಗಿ ಸ್ಪೇನಿನ ದೊರೆಯಿಂದ ಹಣ ತಿನ್ನುತ್ತಿದ್ದ ಅನ್ನೋದು ಆಮೇಲೆ ಬಯಲಾಯಿತು. 1809ರಲ್ಲಿ ಇದೇ ಮನುಷ್ಯ ನ್ಯೂ ಆರ್ಲಿಯನ್ಸ್ ಹತ್ತಿರ ಟೆರ್ ಓ ಬಫ್ ಎಂಬ ಜೌಗಿನಲ್ಲಿ ಎರಡು ಸಾವಿರ ಜನರನ್ನ ಇಟ್ಟ. ಗುತ್ತಿಗೆದಾರ ಕೊಟ್ಟದ್ದು ಬೂಷ್ಟು ಹಿಡಿದ ಹಿಟ್ಟು. ಅನ್ನ ಹಳಸಿತ್ತು, ನಾಯಿ ಹಸಿದಿತ್ತು. ಸತ್ತವರು, ಓಡಿಹೋದವರು ಸೇರಿ ಸಾವಿರದ ಹತ್ತಿರ. ಒಬ್ಬ ಶತ್ರುವೂ ಅತ್ತ ಸುಳಿಯಲಿಲ್ಲ.

ನಾನು: ಈ ಗುತ್ತಿಗೆ ಪದ್ಧತಿ ಕೊನೆಗೊಂಡದ್ದು ಯಾವಾಗ?

ಪೀಪಾಯಿ: 1818ರ ಏಪ್ರಿಲ್. ಕ್ಯಾಲ್ಹೂನ್ ಯುದ್ಧ ಖಾತೆಯಲ್ಲಿದ್ದಾಗ ದಂಡಿನ ಊಟಕ್ಕೆಂದೇ ಜಾರ್ಜ್ ಗಿಬ್ಸನ್ ಅನ್ನೋ ಅಧಿಕಾರಿಯನ್ನ ನೇಮಿಸಿದರು. ಸರಕನ್ನು ಪರೀಕ್ಷೆ ಮಾಡಿ, ಉಗ್ರಾಣಕ್ಕೆ ತೆಗೆದುಕೊಂಡು, ದಂಡಿನವರೇ ಹಂಚೋದು. ಇಷ್ಟು ಹೊಳೆಯೋಕೆ ಇಪ್ಪತ್ತೇಳು ವರ್ಷ.

ನಾನು: ಕೊನೆಯ ಪ್ರಶ್ನೆ ತಾತ. ಡ್ಯೂಯರ್, ಹಾಜ್ಡನ್, ಸೇಂಟ್ ಕ್ಲೇರ್ ಈ ಮೂವರು ಏನಾದರು?

ಪೀಪಾಯಿ: ಡ್ಯೂಯರ್ 1792ರ ಮಾರ್ಚಿನಲ್ಲಿ ದಿವಾಳಿಯೆದ್ದು ನ್ಯೂಯಾರ್ಕ್ ಪೇಟೆಯನ್ನೂ ಜೊತೆಗೆ ಮುಳುಗಿಸಿದ. ಸಾಲಗಾರರ ಸೆರೆಮನೆ ಸೇರಿ 1799ರಲ್ಲಿ ಸತ್ತ. ಹಾಜ್ಡನ್‌ಗೆ ಮುಂದೆ ಫಿಲಡೆಲ್ಫಿಯಾದಲ್ಲಿ ಸೈನ್ಯದ ಸರಂಜಾಮುಗಳ ಮೇಲ್ವಿಚಾರಕನ ಹುದ್ದೆ ಸಿಕ್ಕಿತು. ಸೇಂಟ್ ಕ್ಲೇರ್ ಸರ್ಕಾರಕ್ಕಾಗಿ ಕೈಯಿಂದ ಹಾಕಿದ್ದ ಹಣ ಕೇಳುತ್ತಲೇ ಮುದುಕನಾದ, ಮನೆಮಠ ಹರಾಜಾಯಿತು. ಪೆನ್ಸಿಲ್ವೇನಿಯಾದ ಗುಡ್ಡದ ಮೇಲೆ ಮರದ ದಿಮ್ಮಿಯ ಮನೆಯಲ್ಲಿದ್ದ. ಒಂದು ದಿನ ಗಾಡಿಯಿಂದ ಬಿದ್ದ. 1818ರ ಆಗಸ್ಟ್ 31ರಂದು ತೀರಿಕೊಂಡ.