ಎತ್ತಿನ ಗಾಡಿಗೆ ಎಂಟು, ನಡೆಯುವವನಿಗೆ ಸೊನ್ನೆ

ರಸ್ತೆ ಎಷ್ಟು ಅಗಲವಿರಬೇಕು, ಮೇಲ್ಸೇತುವೆ ಎಲ್ಲಿ ಏಳಬೇಕು ಎಂದು ತೀರ್ಮಾನಿಸುವ ಮೊದಲು ಸಂಚಾರ ತಜ್ಞರು ವಾಹನಗಳನ್ನು ಎಣಿಸುತ್ತಾರೆ. ಆದರೆ ಭಾರತದ ರಸ್ತೆಗಳಲ್ಲಿ ಲಾರಿ, ಸ್ಕೂಟರು, ಸೈಕಲ್ಲು, ತಳ್ಳುಗಾಡಿಗಳೆಲ್ಲ ಒಂದೇ ಪಂಕ್ತಿಯಲ್ಲಿ ಕೂರುವುದರಿಂದ ಎಲ್ಲಕ್ಕೂ ಒಂದೇ ಲೆಕ್ಕ ಹಿಡಿಯುವಂತಿಲ್ಲ. ಈ ತೊಡಕು ಬಿಡಿಸುವ ಮಾಪನವೇ ಪಿಸಿಯು, ಅರ್ಥಾತ್ ಪ್ಯಾಸೆಂಜರ್ ಕಾರ್ ಯೂನಿಟ್. ಒಂದು ಕಾರು ಹರಿವಿನಲ್ಲಿ ಎಷ್ಟು ಜಾಗ ನುಂಗುತ್ತದೋ ಅದನ್ನು ಒಂದು ಎಂದಿಟ್ಟುಕೊಂಡು ಉಳಿದ ವಾಹನಗಳನ್ನು ಆ ಸೇರಿನಲ್ಲೇ ಅಳೆಯುವ ಕ್ರಮವಿದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮಾಂತರ ರಸ್ತೆಗಳಿಗೆಂದು ಪ್ರಕಟಿಸಿದ ಪಟ್ಟಿಯಲ್ಲಿ ಸ್ಕೂಟರಿಗೆ ಅರ್ಧ, ಸೈಕಲ್ಲಿಗೂ ಅರ್ಧ, ಬಸ್ಸಿಗೆ ಮೂರು, ಕೈಗಾಡಿಗೂ ಮೂರು, ಕುದುರೆ ಗಾಡಿಗೆ ನಾಲ್ಕು, ದೊಡ್ಡ ಎತ್ತಿನ ಗಾಡಿಗೆ ಎಂಟು. ವಿಜ್ಞಾನದ ಪುಸ್ತಕದಲ್ಲಿ ಎತ್ತಿಗೆ ಇಷ್ಟು ಅಂಕ ದೊರೆತದ್ದು ಸಂತೋಷದ ಸಂಗತಿಯೇ, ಆದರೆ ಇಲ್ಲಿ ಹೆಚ್ಚು ಅಂಕ ಪಡೆದವನೇ ಹೆಚ್ಚಿನ ಅಪರಾಧಿ.

ಈ ಲೆಕ್ಕದ ಸೊಗಸೆಂದರೆ, ಹೆಸರಿನಲ್ಲಿರುವ ಪ್ಯಾಸೆಂಜರ್ ಎಣಿಕೆಗೆ ಬರುವಾಗ ಮಾಯವಾಗುವುದು. ಬಾಗಿಲಲ್ಲಿ ಜೋತುಬಿದ್ದವರೂ ಸೇರಿ ಅರವತ್ತು ಜನರಿರುವ ಬಸ್ಸು, ಒಬ್ಬೊಬ್ಬರೇ ಕುಳಿತು ಹಾಡು ಕೇಳುತ್ತಿರುವ ಮೂರು ಕಾರುಗಳಿಗೆ ಸಮ. ಕಾಲ್ನಡಿಗೆಯವನಂತೂ ವಾಹನವಲ್ಲವಾದ್ದರಿಂದ ಪಟ್ಟಿಯಲ್ಲೇ ಇಲ್ಲ. ಜಾಗವನ್ನಷ್ಟೇ ಅಳೆಯಲು ಹುಟ್ಟಿದ ಸೇರಿನ ಮೇಲೆ ಕೋಪ ಸಲ್ಲದು. ಅದರಿಂದಲೇ ಮನುಷ್ಯರ ಯೋಗ್ಯತೆಯನ್ನೂ ಅಳೆದವರ ವಿಚಾರ ಬೇರೆ.

ಸೇರು ಕಾರಿನದಾದ ಮೇಲೆ ಅಡುಗೆಯೂ ಕಾರಿಗೇ ಆಗಬೇಕಲ್ಲವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಒಂದು ನಿಯಮ ಹೇಳಿದ್ದರು. ನಗರದ ವೇಗದ ಹೆದ್ದಾರಿಯನ್ನು ಎಷ್ಟು ಹಿಗ್ಗಿಸಿದರೂ, ಇದುವರೆಗೆ ಬೇರೆ ದಾರಿ, ಬೇರೆ ಹೊತ್ತು ಅಥವಾ ಬಸ್ಸನ್ನು ನೆಚ್ಚಿದ್ದವರು ಅಲ್ಲಿಗೇ ಬಂದು ಸೇರಿ, ದಟ್ಟಣೆಯ ವೇಳೆಯಲ್ಲಿ ಅದು ಮತ್ತೆ ತುಂಬುತ್ತದೆ ಎಂಬುದು ಅದರ ಸಾರ. ಎಲೆ ಹೆಚ್ಚು ಹಾಕಿದಷ್ಟೂ ನೆಂಟರು ಹೆಚ್ಚುವುದನ್ನು ಕಂಡ ಮದುವೆಮನೆಯ ಯಜಮಾನನಿಗೆ ಇದರಲ್ಲಿ ಹೊಸದೇನೂ ಕಾಣದು. ಬೆಂಗಳೂರಿನಲ್ಲಿ 2010ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೆ ಕೊಂಚ ಕಡಿಮೆ ಉದ್ದದ ಎಲೆಕ್ಟ್ರಾನಿಕ್ ಸಿಟಿ ಮೇಲ್ರಸ್ತೆ ಜನರನ್ನು ಅತ್ಯಂತ ವೇಗವಾಗಿ ಸಿಲ್ಕ್ ಬೋರ್ಡ್ ಕೂಡುರಸ್ತೆಯ ಸರದಿಯ ಬಾಲಕ್ಕೆ ತಲುಪಿಸಿತು. (ರೇಷ್ಮೆಯ ನಯಕ್ಕಾಗಿ ಸ್ಥಾಪಿತವಾದ ಮಂಡಳಿಯೊಂದರ ಹೆಸರು ಹೀಗೆ ತಾಳ್ಮೆಯ ಪರೀಕ್ಷೆಗೆ ಪರ್ಯಾಯಪದವಾದುದನ್ನು ನಿಘಂಟುಕಾರರು ಗಮನಿಸಬೇಕು.) 2024ರಲ್ಲಿ ರಾಗಿಗುಡ್ಡದಿಂದ ಈ ಕೂಡುರಸ್ತೆಗೆ ಮೇಲ್ಸೇತುವೆ ತೆರೆಯಿತು, ಮರುವರ್ಷ ಅದರ ನೆತ್ತಿಯ ಮೇಲೆ ಮೆಟ್ರೊ ಓಡಿತು, ಕೆಳಗಿನ ಹಳೆಯ ರಸ್ತೆಯನ್ನೂ ಸೇರಿಸಿದರೆ ದಟ್ಟಣೆಗೀಗ ಮೂರಂತಸ್ತಿನ ಮನೆ. ಬಸ್ಸಿನ ಕಥೆ ಇನ್ನೂ ಚಿಕ್ಕದು. 2019ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗೂಟ ನೆಟ್ಟು ಬಸ್ಸಿಗೆಂದೇ ಒಂದು ಪಥ ಬಿಡಲಾಗಿತ್ತು, ಅದರ ಗೂಟಗಳಿಗೆ ಮೊದಲು ವಾಹನಗಳು ಗುದ್ದಿದವು, ಬಳಿಕ ಮೆಟ್ರೊ ಕಾಮಗಾರಿ ಬಂದು ಪಥವನ್ನೇ ನುಂಗಿತು.

ಇನ್ನು ಪಟ್ಟಿಯಲ್ಲಿಲ್ಲದವನ ಪಾಡು. ಅವನಿಗೂ 2012ರಲ್ಲಿ ಮಾರ್ಗಸೂಚಿಯೊಂದು ಬಂತು. ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದಷ್ಟು ಜಾಗ ಅಡೆತಡೆಯಿಲ್ಲದೆ ಸಿಗಬೇಕೆಂದು ಅದು ಹೇಳಿತು. ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್, ಕೇಬಲ್ಲಿನ ಸುರುಳಿ, ಬಾಯ್ದೆರೆದ ಚಪ್ಪಡಿ, ಎಳನೀರಿನ ರಾಶಿಗಳು ನೆಮ್ಮದಿಯಾಗಿ ಕುಳಿತಿರುತ್ತವೆ. ರಸ್ತೆ ದಾಟಬೇಕೆಂದರೆ ಸ್ಕೈವಾಕ್ ಉಂಟು. ಅದರಡಿ ವಾಹನಗಳು ಹಾಯಲು 5.5 ಮೀಟರ್ ಎತ್ತರ ಬಿಡಬೇಕಾದುದರಿಂದ, ಎಂಜಿನ್ ಇರುವವನು ಸಮತಟ್ಟಿನಲ್ಲಿ ಜಾರಿಹೋಗಲೆಂದು ಮಂಡಿನೋವಿರುವವನು ತರಕಾರಿ ಚೀಲದೊಡನೆ ಸುಮಾರು ಎರಡು ಅಂತಸ್ತು ಹತ್ತಿ ಇಳಿಯತಕ್ಕದ್ದು. ಸಂಜೆ ಆರರ ಹೊತ್ತಿಗೆ ಸ್ಕೂಟರುಗಳೂ ಫುಟ್‌ಪಾತನ್ನೇರಿ ಗಣಿತಕ್ಕೊಂದು ಹೊಸ ಸಮಸ್ಯೆ ಒಡ್ಡುತ್ತವೆ, ಏಕೆಂದರೆ ರಸ್ತೆಯ ಮೇಲಿನ ಅರ್ಧವು ಕಲ್ಲಿನಂಚು ದಾಟಿದ ಮೇಲೆ ಎಷ್ಟಾಗುತ್ತದೆಂದು ಯಾವ ಪಟ್ಟಿಯೂ ತಿಳಿಸುವುದಿಲ್ಲ.

ಪೂರ್ಣಾಂಕಿತನಾದ ಕಾರಿನವನೂ ಒಂದಲ್ಲ ಒಂದು ಕಡೆ ಇಳಿಯಲೇಬೇಕು. ಅವನು ನಿಲ್ಲಿಸಲು ಜಾಗ ಹುಡುಕುತ್ತ ಮಾರುಕಟ್ಟೆಗೆ ಮೂರು ಸುತ್ತು ಬಂದು, ಕೊನೆಗೆ ಎರಡು ಗಾಲಿಗಳನ್ನು ಫುಟ್‌ಪಾತಿನ ಮೇಲೇರಿಸಿ, ಬಾಗಿಲಿಗೆ ಬೀಗ ಹಾಕಿ, ನಡೆಯಲು ಅಲ್ಲಿ ದಾರಿಯಿಲ್ಲದ್ದರಿಂದ ರಸ್ತೆಗಿಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ, ಹಿಂದಿನಿಂದ ಒಂದು ಅರ್ಧ ಯೂನಿಟ್ ಜೋರಾಗಿ ಹಾರನ್ ಬಾರಿಸುತ್ತದೆ.